ಜೋಯಿಸಮ್ಮ ಬಾಯಿ ಓದುವುದನ್ನು ಬಿಟ್ಟದ್ದು

ಮೇಷ್ಟ್ರ ಸಂದೇಶ ಬಂದಾಗ ಜೋಯಿಸಮ್ಮನ ಕೈಯಲ್ಲಿ ಯಾರದೋ ಮೇಲ್ದವಡೆ ಇತ್ತು. ಪ್ಲಾಸ್ಟರಿನ ದವಡೆ. ಅದರ ಅಂಚನ್ನು ಚಾಕುವಿನಿಂದ ಕೆತ್ತುತ್ತಲೇ ಕಿರುಬೆರಳಿನಿಂದ ಫೋನಿನ ಪರದೆ ತಳ್ಳಿ ಓದಿದಳು.

'ನೋಡಮ್ಮ, ಒಂದು ಮಾತು. ಗುಂಪಿನಲ್ಲಿ ಬಾಯಿ ಓದೋದನ್ನ ಇನ್ನು ನಿಲ್ಲಿಸಿಬಿಡು. ನಮ್ಮವರೇ ಒಬ್ಬರು ನೊಂದುಕೊಂಡು ಕೇಳಿದ್ದಾರೆ. ಯಾರು ಅಂತ ಹೇಳಲ್ಲ. ನಿನ್ನ ಮೇಲೆ ನನಗೆ ಬೇಜಾರಿಲ್ಲ. ಮಿಕ್ಕಿದ್ದೆಲ್ಲ ಎಂದಿನ ಹಾಗೇ ಇರಲಿ.'

ಚಾಕು ಕೆಳಗಿಟ್ಟು ಇನ್ನೊಂದು ಸಲ ಓದಿದಳು. ಮತ್ತೊಂದು ಸಲ ಓದುವಷ್ಟರಲ್ಲಿ 'ನಮ್ಮವರೇ ಒಬ್ಬರು' ಎಂಬುದೊಂದನ್ನು ಬಿಟ್ಟು ಬೇರೇನೂ ಅವಳ ಕಣ್ಣಿಗೆ ಬೀಳುತ್ತಿರಲಿಲ್ಲ.

ಜೋಯಿಸಮ್ಮ ಎಂದರೆ ಜಾತಕ ನೋಡುವವಳು ಅಂದುಕೊಳ್ಳಬೇಡಿ. ಅವಳದು ಹಲ್ಲು ಕಟ್ಟುವ ಕಸುಬು. ಹಲ್ಲಿನ ಡಾಕ್ಟರು ರೋಗಿಯ ಬಾಯಿಗೆ ಮೆತ್ತನೆಯ ಲೇಪ ಒತ್ತಿ ಅಳತೆ ತೆಗೆದು ಕಳಿಸುತ್ತಾರೆ. ಅದಕ್ಕೆ ಪ್ಲಾಸ್ಟರು ಹೊಯ್ದರೆ ಬಾಯಿಗೆ ಬಾಯಿಯೇ ಅಚ್ಚಾಗಿ ಎದ್ದು ಬರುತ್ತದೆ. ಆ ಅಚ್ಚಿನ ಮೇಲೆ ಮೇಣದಲ್ಲಿ ಹಲ್ಲು ಕೂರಿಸಿ, ಮೇಲಿನ ಕೆಳಗಿನ ಹಲ್ಲುಗಳ ಕಚ್ಚು ಹೊಂದಿಸಿ, ಸೆಟ್ಟು ಮಾಡಿ ವಾಪಸು ಕಳಿಸುವುದು ಅವಳ ಕೆಲಸ. ಬೀಗ ರಿಪೇರಿ ಅಂಗಡಿಯ ಮೇಲಿನ ಮಹಡಿಯಲ್ಲಿ ಒಂದು ಕೋಣೆ, ಆ ಕೋಣೆಗೆ ಒಂದೇ ಕಿಟಕಿ, ಕಿಟಕಿಯ ಬೆಳಕು ಇಬ್ಬರಿಗೂ ಸಿಗಲಿ ಎಂದು ಮುಖಾಮುಖಿಯಾಗಿ ಜೋಡಿಸಿದ ಎರಡು ಮೇಜು. ಒಂದರಲ್ಲಿ ಇವಳು. ಎದುರಿನದರಲ್ಲಿ ಇವಳ ಓರಗಿತ್ತಿ, ಅಂದರೆ ಮೈದುನನ ಹೆಂಡತಿ.

ಓರಗಿತ್ತಿ ಮದುವೆಯಾಗಿ ಬಂದ ಹೊಸದರಲ್ಲಿ "ಮನೇಲಿ ಸುಮ್ನೆ ಕೂತು ಏನ್ ಮಾಡ್ತೀಯ, ಬಾ" ಎಂದು ಕರೆತಂದು, ಪ್ಲಾಸ್ಟರು ಕಲಸುವುದರಿಂದ ಹಿಡಿದು ಹಲ್ಲಿಗೆ ಹೊಳಪು ಕೊಡುವವರೆಗೆ ಎಲ್ಲವನ್ನೂ ಕಲಿಸಿದವಳು ಜೋಯಿಸಮ್ಮನೇ. ಒಡಹುಟ್ಟಿದ ತಂಗಿ ಇಲ್ಲದ ಕೊರಗನ್ನು ಅವಳಲ್ಲಿ ತೀರಿಸಿಕೊಂಡಿದ್ದಳು. ಇವಳು ಮಾತಿನ ಮಲ್ಲಿ, ಅವಳು ಮಾತನ್ನು ಅಳೆದು ತೂಗಿ ಆಡುವವಳು. ಅದಕ್ಕೇ ನಮ್ಮಿಬ್ಬರಿಗೂ ಇಷ್ಟು ಚೆನ್ನಾಗಿ ಹೊಂದುತ್ತೆ ಎಂದು ಜೋಯಿಸಮ್ಮ ಸಿಕ್ಕವರಿಗೆಲ್ಲ ಹೇಳುತ್ತಿದ್ದಳು. ಹೊಂದುತ್ತದೆಯೋ ಇಲ್ಲವೋ ಎಂದು ಓರಗಿತ್ತಿಯನ್ನು ಯಾರೂ ಕೇಳಿರಲಿಲ್ಲ.

ಈ ಕಸುಬಿನವರ ಪಾಡೇ ಒಂದು ಥರ. ಸೆಟ್ಟು ಚೆನ್ನಾಗಿ ಕೂತರೆ ಹೊಗಳಿಕೆ ಡಾಕ್ಟರಿಗೆ, ಒಸಡಿಗೆ ಒತ್ತಿದರೆ ಬೈಗುಳ ಲ್ಯಾಬಿಗೆ. ಯಾರ ಬಾಯಿಗೆ ಹಲ್ಲು ಕಟ್ಟುತ್ತಾರೋ ಅವರ ಮುಖವನ್ನು ಜನ್ಮದಲ್ಲಿ ನೋಡಿರುವುದಿಲ್ಲ. ಹೀಗೆ ಊರೂರಿನ ಕೋಣೆಗಳಲ್ಲಿ ಒಂಟಿಯಾಗಿ ಕೂತವರನ್ನೆಲ್ಲ ಒಂದು ಕಡೆ ಸೇರಿಸೋಣವೆಂದು ಮೇಷ್ಟ್ರು ಫೋನಿನಲ್ಲಿ ಒಂದು ಗುಂಪು ಕಟ್ಟಿದ್ದರು. ಜೋಯಿಸಮ್ಮನಿಗೆ ಕಸುಬು ಕಲಿಸಿದ್ದೂ ಅವರೇ. ಈಗ ಕೈ ನಡುಗುತ್ತದೆಂದು ಕೆಲಸ ಬಿಟ್ಟು, ಗುಂಪನ್ನು ನೋಡಿಕೊಂಡಿದ್ದರು. ರೋಗಿಯ ಹೆಸರು ಹಾಕಬಾರದು, ಅಚ್ಚಿನ ಫೋಟೋ ಹಾಕಬಹುದು ಎಂಬುದೊಂದೇ ಅಲ್ಲಿನ ಕಟ್ಟಳೆ. ಕಚ್ಚು ಯಾಕೆ ಕೂರುತ್ತಿಲ್ಲ, ಮೇಣ ಯಾಕೆ ಬಿರುಕು ಬಿಡುತ್ತಿದೆ ಎಂದು ಒಬ್ಬರನ್ನೊಬ್ಬರು ಕೇಳಿಕೊಳ್ಳುತ್ತಿದ್ದರು.

ಅಲ್ಲೇ ಅವಳ ಜೋಯಿಸತನ ಶುರುವಾದದ್ದು. ಯಾರೋ ಹಾಕಿದ ಫೋಟೋದಲ್ಲಿ ಮುಂದಿನ ಹಲ್ಲಿನ ತುದಿಯಲ್ಲೊಂದು ಸಣ್ಣ ಕೊರಕಲು ಕಂಡಿತು. 'ಇವರು ಬಟ್ಟೆ ಹೊಲಿಯೋರು, ದಾರ ಹಲ್ಲಲ್ಲೇ ಕಚ್ಚಿ ಹರೀತಾರೆ' ಎಂದು ಬರೆದಳು. ಹೌದೆಂದು ಉತ್ತರ ಬಂತು. ಗುಂಪಿಗೆ ಗುಂಪೇ ಬೆರಗಾಯಿತು. ಅಲ್ಲಿಂದ ಪ್ರತಿ ಶನಿವಾರ ಯಾರಾದರೂ ಒಂದು ಅಚ್ಚಿನ ಫೋಟೋ ಹಾಕಿ 'ಜೋಯಿಸಮ್ಮಾ, ಈ ಬಾಯಿ ಓದಿ' ಎನ್ನುವುದು ವಾಡಿಕೆಯಾಯಿತು. ಬಲಗಡೆಯಲ್ಲೇ ಅಗಿಯುವವರು, ಪೆನ್ನು ಕಚ್ಚುವವರು, ಬೀಡಿ ಒಂದೇ ಮೂಲೆಯಲ್ಲಿ ಇಟ್ಟುಕೊಳ್ಳುವವರು ಎಲ್ಲ ಅವಳ ಕೈಗೆ ಸಿಕ್ಕಿಬಿದ್ದರು.

ಅಷ್ಟಕ್ಕೇ ನಿಂತಿದ್ದರೆ ಕಥೆಯೇ ಇರುತ್ತಿರಲಿಲ್ಲ. ಹೊಗಳಿಕೆ ಎಂಬುದು ಕುಡಿದಷ್ಟೂ ಬಾಯಾರಿಸುವ ಪಾನಕ. ಹಲ್ಲು ಓದುತ್ತಿದ್ದವಳು ಗುಣ ಓದತೊಡಗಿದಳು. ಇವರು ಕೈ ಬಿಗಿ. ಇವರು ಅತ್ತೆಯ ಮುಂದೆ ಬೆಕ್ಕು, ಗಂಡನ ಮುಂದೆ ಹುಲಿ. ಇವರಿಗೆ ಕೊಟ್ಟ ಗುಟ್ಟು ಸಂಜೆಯೊಳಗೆ ಬೀದಿಯಲ್ಲಿ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ವಾರವೆಲ್ಲ ಯಾರ ಕಣ್ಣಿಗೂ ಬೀಳದೆ ಪ್ಲಾಸ್ಟರಿನ ಧೂಳು ಕುಡಿಯುವವಳಿಗೆ ಶನಿವಾರದ ಆ ನಗು ಎಷ್ಟು ಬೇಕಾಗಿತ್ತೆಂದರೆ, ಅದಕ್ಕಾಗಿ ಶುಕ್ರವಾರದಿಂದಲೇ ಮನಸ್ಸು ಗರಿಗೆದರುತ್ತಿತ್ತು.

ಓರಗಿತ್ತಿಯೂ ಗುಂಪಿನಲ್ಲಿದ್ದಳು, ಏನೂ ಬರೆಯುತ್ತಿರಲಿಲ್ಲ. ಒಂದೆರಡು ಸಲ ಹಲ್ಲಿಗೆ ಹೊಳಪು ಕೊಡುತ್ತ, ತಲೆ ಎತ್ತದೆ ಹೇಳಿದ್ದಳು.

"ಅಕ್ಕ, ಹಲ್ಲಿನ ವಿಷಯ ಬರೀರಿ, ಸಾಕು. ಗುಣದ ವಿಷಯ ಬೇಡ. ಆ ಬಾಯಿಯೋರು ಎಲ್ಲೋ ಒಂದು ಕಡೆ ಇರ್ತಾರಲ್ಲ."

"ಪ್ಲಾಸ್ಟರಿಗೆ ಮಾನ ಮರ್ಯಾದೆ ಎಲ್ಲಿಂದ ಬಂತೆ?" ಎಂದು ಜೋಯಿಸಮ್ಮ ನಕ್ಕುಬಿಟ್ಟಿದ್ದಳು.

ಮೇಷ್ಟ್ರ ಸಂದೇಶ ಬರುವುದಕ್ಕೆ ಕೆಲವು ವಾರ ಮುಂಚೆ ಅವಳು ಓದಿದ ಬಾಯಿಯೊಂದು ಗುಂಪಿನಲ್ಲಿ ಇನ್ನಿಲ್ಲದಂತೆ ಓಡಿತ್ತು. ಊರಾಚೆಯ ಲ್ಯಾಬೊಂದರಲ್ಲಿ ಕೆಲಸ ಮಾಡುವ, ಎಲ್ಲರೂ ಮೇಣದಣ್ಣ ಎಂದು ಕರೆಯುವ ತಮಾಷೆಯ ಮನುಷ್ಯ ಹಾಕಿದ ಫೋಟೋ ಅದು. 'ರಾತ್ರಿ ತಟ್ಟೆಗೆ ಬಂದ ಅಚ್ಚು. ಓದಿ ತಾಯೇ.' ನಿದ್ದೆಯಲ್ಲಿ ಹಲ್ಲು ಕಡಿಯುವವರಿಗೆ ಹಲ್ಲು ಸವೆಯದಿರಲೆಂದು ಮಾಡಿಕೊಡುವ ತೆಳ್ಳನೆಯ ಪಾರದರ್ಶಕ ಹೊದಿಕೆಗೆ ಕಸುಬಿನವರು ರಾತ್ರಿ ತಟ್ಟೆ ಎನ್ನುತ್ತಾರೆ. ಅಚ್ಚಿನಲ್ಲಿ ದವಡೆ ಹಲ್ಲುಗಳು ತೇಯ್ದು ಚಪ್ಪಟೆಯಾಗಿದ್ದವು, ಎಡಗಡೆಯ ಕೋರೆಹಲ್ಲಿನ ಪಕ್ಕದ್ದು ಒಂದಿಷ್ಟು ಒಳಕ್ಕೆ ತಿರುಗಿತ್ತು. ಜೋಯಿಸಮ್ಮ ಬರೆದಳು: 'ಹೆಂಗಸಿನ ಬಾಯಿ. ಮುಂದಿನ ಹಲ್ಲು ನೋಡಿದ್ರೆ ಹಸುವಿನಂಥೋಳು, ಹಿಂದಿನ ಹಲ್ಲು ನೋಡಿದ್ರೆ ಗೊತ್ತಾಗತ್ತೆ ಕಥೆ. ಹಗಲೆಲ್ಲ ಹೂಂ ಹೂಂ ಅಂತಾಳೆ, ರಾತ್ರಿಯೆಲ್ಲ ಯಾರನ್ನೋ ಅಗೀತಾಳೆ. ಇಂಥೋಳ ಪಕ್ಕದಲ್ಲಿ ಮಲಗೋ ಪುಣ್ಯಾತ್ಮ ಒಂದು ಕಣ್ಣು ತೆರ್ಕೊಂಡೇ ಮಲಗಬೇಕು.'

ಗುಂಪು ನಕ್ಕು ನಕ್ಕು ಸುಸ್ತಾಯಿತು. ಪಾಪ ಆ ಗಂಡ, ಎಂದು ಒಬ್ಬ. ಅಗಿಯೋದು ಅತ್ತೆಯನ್ನೇ ಇರಬೇಕು, ಎಂದು ಇನ್ನೊಬ್ಬಳು. ಜೋಯಿಸಮ್ಮ ಫೋನನ್ನು ಎದುರಿನ ಮೇಜಿಗೆ ಚಾಚಿದಳು. "ಹೇಗಿದೆಯೇ ನನ್ನ ಓದು?"

ಓರಗಿತ್ತಿ ಕೈಯೊರೆಸಿಕೊಂಡು ಓದಿದಳು. ಕೆಳಗಿನ ನಗೆಯನ್ನೂ ಓದಿದಳು. "ಎಲ್ಲರೂ ಚೆನ್ನಾಗಿ ನಕ್ಕಿದ್ದಾರೆ" ಎಂದು ಫೋನು ಹಿಂದಿರುಗಿಸಿದಳು.

ಅಣ್ಣತಮ್ಮಂದಿರ ಮನೆಗಳು ಒಂದೇ ಕಟ್ಟಡದಲ್ಲಿ ಮೇಲೊಂದು ಕೆಳಗೊಂದು. ಭಾನುವಾರದ ಊಟ ಒಟ್ಟಿಗೆ. ಆ ಭಾನುವಾರ ಊಟಕ್ಕೆ ಕೂತಾಗ ಜೋಯಿಸಮ್ಮ ಅದನ್ನು ರಾಗವಾಗಿ ಎಲ್ಲರಿಗೂ ಓದಿ ಹೇಳಿದಳು. ಅವಳ ಗಂಡ ನಕ್ಕ. ಮೈದುನ ತಟ್ಟೆಯಿಂದ ತಲೆ ಎತ್ತಿ "ಯಾವ ಲ್ಯಾಬಿಂದು ಅತ್ತಿಗೆ ಇದು?" ಎಂದು ಕೇಳಿದ. ಇವಳು ಹೇಳಿದಳು. ಅವನು ಹೆಂಡತಿಯ ಕಡೆ ತಿರುಗಿ ನೋಡಿದ. ಅವಳು ನೀರು ತರಲು ಎದ್ದಳು. ಇದನ್ನೆಲ್ಲ ಜೋಯಿಸಮ್ಮ ಕಂಡಿದ್ದಳು, ಆದರೆ ಪ್ಲಾಸ್ಟರಿನಲ್ಲಿ ಇದ್ದಿದ್ದರೆ ಮಾತ್ರ ಓದುತ್ತಿದ್ದಳೇನೋ.

ಮೇಷ್ಟ್ರ ಸಂದೇಶಕ್ಕೆ ಈಗ ಮರಳೋಣ. ಅವಳು ಮೊದಲು ಮಾಡಿದ ಕೆಲಸವೆಂದರೆ ಅದನ್ನು ಎದುರಿನ ಮೇಜಿಗೆ ತೋರಿಸಿದ್ದು. ತನಗಿಂತ ಮುಂಚೆ ಓರಗಿತ್ತಿ ಕೆಂಡವಾಗುತ್ತಾಳೆ ಎಂದು ಕಾದಳು.

"ಮೇಷ್ಟ್ರು ಹೇಳಿದ್ದಾರಲ್ಲ. ಬಿಟ್ಬಿಡಿ ಅಕ್ಕ" ಎಂದಳು ಅವಳು.

"ಬಿಡೋದು ದೊಡ್ಡ ಮಾತಲ್ಲ. ನಮ್ಮವರೇ ಅಂತೆ. ನಗೋವಾಗ ನಕ್ಕು, ಹಿಂದಿನಿಂದ ಹೋಗಿ ಚಾಡಿ ಹೇಳಿದ್ದಾರೆ. ಬೆನ್ನಿಗೆ ಚೂರಿ ಹಾಕೋದು ಅಂದ್ರೆ ಇದೇ. ಧೈರ್ಯ ಇದ್ರೆ ನನ್ನ ಮುಖಕ್ಕೇ ಹೇಳಬಹುದಿತ್ತಲ್ಲ ಆ ಹೇಡಿ."

ಓರಗಿತ್ತಿ ಚಕ್ರದ ಗುಂಡಿ ಒತ್ತಿದಳು. ಹಲ್ಲಿಗೆ ಹೊಳಪು ಕೊಡುವ ಚಕ್ರದ ಸದ್ದಿನಲ್ಲಿ ಮುಂದಿನ ಬೈಗುಳಗಳು ಕೇಳಿಸದೆ ಹೋದವು.

ಅಂದು ಸಂಜೆ ಜೋಯಿಸಮ್ಮ ಉತ್ತರ ಬರೆಯಲು ಕೂತಳು. ಇಷ್ಟು ವರ್ಷ ನಾನು ಗುಂಪಿಗೆ ಏನೇನು ಮಾಡಿದೆ, ಯಾರ್ಯಾರ ಕೆಲಸ ನೆಟ್ಟಗೆ ಮಾಡಿಕೊಟ್ಟೆ, ಒಬ್ಬರ ಹೆಸರನ್ನಾದರೂ ಎಂದಾದರೂ ಬರೆದಿದ್ದೇನೆಯೇ, ನಗುವುದು ಅಪರಾಧವೇ, ಹೀಗೆ. ಬರೆಯುತ್ತ ಬರೆಯುತ್ತ ಅದು ಪರದೆಯಿಂದ ಆಚೆ ಹರಿಯಿತು. ಲಿಫ್ಟು ರಿಪೇರಿ ಮಾಡುವ ಅವಳ ಗಂಡ ಗ್ರೀಸಿನ ಕೈ ತೊಳೆಯುತ್ತ ಎಲ್ಲವನ್ನೂ ಕೇಳಿಸಿಕೊಂಡು, "ಗುಂಪೇ ಬಿಟ್ಟು ಬಾ. ಆಗ ಗೊತ್ತಾಗತ್ತೆ ಅವರಿಗೆ ನಿನ್ನ ಬೆಲೆ" ಎಂದ. ಹೆಂಡತಿಯ ಪರ ನಿಲ್ಲುವುದೆಂದರೆ ಅವಳ ಒಲೆಗೆ ಇನ್ನೊಂದು ಕೊಳ್ಳಿ ತುರುಕುವುದು ಎಂದು ನಂಬಿದ್ದ ಒಳ್ಳೆಯ ಮನುಷ್ಯ ಅವನು.

ಕಳಿಸುವ ಮುಂಚೆ ಒಂದು ಸಲ ಅವರ ಬಾಯಿಂದಲೇ ಕೇಳಿಬಿಡೋಣ ಎಂದು ಮೇಷ್ಟ್ರಿಗೆ ಫೋನು ಮಾಡಿದಳು.

"ಯಾರು ಮೇಷ್ಟ್ರೇ?"

"ಹೇಳಲ್ಲ ಅಂತ ಬರೆದಿದ್ದೀನಲ್ಲಮ್ಮ."

"ಹಾಗಾದ್ರೆ ನಾನು ಗುಂಪಿನಲ್ಲಿರಲ್ಲ."

"ಗುಂಪು ಬಿಡು ಅಂತ ನಾನು ಹೇಳಿಲ್ಲ. ಒಂದು ಕೆಲಸ ಬಿಡು ಅಂದೆ. ನೀನು ಎರಡನ್ನೂ ಸೇರಿಸಿ ಗಂಟು ಹಾಕ್ತಿದ್ದೀಯ."

"ನನ್ನ ತಪ್ಪೇನು ಅಂತಾದ್ರೂ ಹೇಳಿ."

"ಸೆಟ್ಟು ಒತ್ತುತ್ತೆ ಅಂತ ವಾಪಸು ಬಂದ್ರೆ ಏನು ಮಾಡ್ತೀಯಮ್ಮ? ನಿನ್ನ ಒಸಡೇ ಸರಿಯಿಲ್ಲ ಅಂತ ರೋಗಿ ಹತ್ರ ಜಗಳಕ್ಕೆ ಹೋಗ್ತೀಯಾ? ಒತ್ತೋ ಜಾಗ ತೇಯ್ದು ಕೊಡ್ತೀಯ. ಅಷ್ಟು ಮಾಡು."

ಫೋನಿಟ್ಟಳು. ಉದ್ದನೆಯ ಉತ್ತರವನ್ನು ಅಳಿಸಿದಳು. 'ಸರಿ ಮೇಷ್ಟ್ರೇ, ನಿಲ್ಲಿಸಿದೆ' ಎಂದು ಕಳಿಸಿದಳು. ಅಳು ಬಂತು. ಅತ್ತಳು. ತನ್ನನ್ನು ಯಾರೋ ತನ್ನವರೇ ಹಿಡಿದುಕೊಟ್ಟರು ಎಂಬ ನೋವು ಅಳುವಿನಿಂದ ಒಂದಿಷ್ಟೂ ಕರಗಲಿಲ್ಲ.

ಶನಿವಾರ ಬಂತು. ಯಾರೋ ಅಚ್ಚಿನ ಫೋಟೋ ಹಾಕಿದರು. ಕಾದರು. ಜೋಯಿಸಮ್ಮ ಎಲ್ಲಿ ಎಂದರು. 'ಬಾಯಿ ಓದೋದು ಬಿಟ್ಟಿದ್ದೀನಿ' ಎಂದು ಇವಳು ಬರೆದದ್ದೇ ತಡ, ಜೇನುಗೂಡಿಗೆ ಕಲ್ಲು ಬಿದ್ದ ಹಾಗಾಯಿತು. ಯಾರು ಬಿಡಿಸಿದ್ದು, ಯಾರಿಗೆ ಉರಿ, ಹೆಸರು ಹೇಳಿ ನಾವು ನೋಡ್ಕೋತೀವಿ. ಸ್ವಲ್ಪ ಹೊತ್ತಿಗೆ ಅನುಮಾನ ಹೊಸದಾಗಿ ಸೇರಿದ್ದ ಹುಡುಗಿಯೊಬ್ಬಳ ಕಡೆ ತಿರುಗಿತು. ಫೋಟೋ ಹಾಕುವ ಮುಂಚೆ ರೋಗಿಯನ್ನು ಕೇಳಬೇಡವೇ ಎಂದು ಅವಳು ಹಿಂದೊಮ್ಮೆ ವಿನಯವಾಗಿ ಕೇಳಿದ್ದಳಂತೆ. ಅಷ್ಟು ಸಾಕಾಯಿತು. ಮೇಣದಣ್ಣನಂತೂ ಆ ಹುಡುಗಿಗೊಂದು ಅಡ್ಡಹೆಸರನ್ನೇ ಇಟ್ಟುಬಿಟ್ಟ.

ಜೋಯಿಸಮ್ಮ ನೋಡುತ್ತ ಕೂತಳು. ಸುಳ್ಳು ಯಾಕೆ ಹೇಳಬೇಕು, ಹಿತವಾಗಿಯೇ ಇತ್ತು. ಕಾದ ಕಾಲಿಗೆ ತಣ್ಣೀರು ಹೊಯ್ದ ಹಾಗಿತ್ತು.

"ಅಕ್ಕ" ಎಂದಳು ಎದುರಿನ ಮೇಜಿನಿಂದ ಓರಗಿತ್ತಿ. ಅವಳ ಫೋನೂ ತೆರೆದಿತ್ತು, ಮುಖ ಬಿಳಚಿಕೊಂಡಿತ್ತು. "ಆ ಹುಡುಗಿ ಏನೂ ಮಾಡಿಲ್ಲ. ನಿಲ್ಲಿಸೋಕೆ ಹೇಳಿ."

"ನಿನಗೇನು ಗೊತ್ತು?"

"ಮಾಡಿದ್ದಾಳೆ ಅಂತ ನಿಮಗೂ ಗೊತ್ತಿಲ್ಲ ತಾನೆ?"

ಅದು ನಿಜವಾಗಿತ್ತು. ಜೋಯಿಸಮ್ಮ ಒಲ್ಲದ ಮನಸ್ಸಿನಿಂದ ಬರೆದಳು: 'ನಿಲ್ಲಿಸಿ ಅಂದ್ರು, ನಿಲ್ಲಿಸಿದೆ. ಕೇಳಿದವರು ಯಾರೇ ಆಗಿರಲಿ, ಕೇಳೋ ಹಕ್ಕು ಅವರಿಗಿತ್ತು. ಯಾರನ್ನೂ ಹುಡುಕಬೇಡಿ. ಆ ಮಗೂನ ಬಿಡಿ. ಮೇಣದ ವಿಷಯ ಇದ್ರೆ ಕೇಳಿ, ಹೇಳ್ತೀನಿ.' ಗುಂಪು ತಣ್ಣಗಾಯಿತು. ಮೇಷ್ಟ್ರು ಬೇರೆಯಾಗಿ 'ಇದು ನನ್ನ ಶಿಷ್ಯೆ' ಎಂದು ಕಳಿಸಿದರು. ಅದನ್ನೂ ಓರಗಿತ್ತಿಗೆ ತೋರಿಸಿದಳು.

ಪರದೆಯ ಮೇಲೆ ಇಷ್ಟು ಚೆಂದ ನಡೆದುಕೊಂಡವಳು ಮೇಜಿನ ಮುಂದೆ ಹಾಗಿರಲಿಲ್ಲ. ಗುಂಪಿನಲ್ಲಿ ಕ್ಷಮಿಸಿದ್ದನ್ನು ಕೋಣೆಯಲ್ಲಿ ಬಡ್ಡಿ ಸಮೇತ ವಸೂಲು ಮಾಡುತ್ತಿದ್ದಳು. ಮೇಣ ಕಾಯಿಸುವಾಗ ಆ ಚಾಡಿಕೋರರ ವಂಶ ಜಾಲಾಡುತ್ತಿದ್ದಳು. ಒಂದು ದಿನ ಮೇಣದಣ್ಣ ಎನ್ನುವಳು, ಇನ್ನೊಂದು ದಿನ ಮೇಷ್ಟ್ರ ಹೆಂಡತಿ ಎನ್ನುವಳು. "ಅವರ ನಾಲಿಗೆಗೆ ಹುಳ ಬೀಳ" ಎನ್ನುವಳು. "ಯಾರ ಜೊತೆ ಕೂತು ಉಣ್ತೀವೋ ಅವರನ್ನೇ ನಂಬೋ ಹಾಗಿಲ್ಲ, ಅಲ್ವೇನೆ?" ಎಂದು ಓರಗಿತ್ತಿಯನ್ನೇ ಕೇಳುವಳು. ಓರಗಿತ್ತಿ ಹೂಂ ಎನ್ನುತ್ತಿದ್ದಳು. ದಿನಾ ಕೇಳಿಸಿಕೊಂಡಳು, ದಿನಾ ಹೂಂ ಎಂದಳು. ಲೋಕವೆಲ್ಲ ಕೈ ಕೊಟ್ಟರೂ ಇವಳೊಬ್ಬಳು ನನ್ನವಳು ಎಂದು ಜೋಯಿಸಮ್ಮನ ಕಣ್ಣು ಒದ್ದೆಯಾಗುತ್ತಿತ್ತು.

ಒಂದು ಮಧ್ಯಾಹ್ನ ಡಾಕ್ಟರ ಕಡೆಯ ಪೊಟ್ಟಣ ಬಂದಿದೆಯೆಂದು ಕೆಳಗಿನ ಬೀಗದವನು ಕೂಗಿದ. ಓರಗಿತ್ತಿ ಇಳಿದು ಹೋದಳು. ಜೋಯಿಸಮ್ಮ ಕೈತೊಳೆಯಲು ನಲ್ಲಿಯ ಹತ್ತಿರ ಹೋದರೆ ಅಲ್ಲೊಂದು ಸಣ್ಣ ಡಬ್ಬಿ ಬಾಯಿ ತೆರೆದು ಒಣಗುತ್ತಿತ್ತು. ಒಳಗೊಂದು ರಾತ್ರಿ ತಟ್ಟೆ. ಹೆಸರಿಲ್ಲ, ಡಾಕ್ಟರ ಚೀಟಿಯಿಲ್ಲ. ಚೀಟಿ ಅಂಟಿಸದೆ ಕೆಲಸ ಎಲ್ಲೆಂದರಲ್ಲಿ ಇಡಬೇಡ ಎಂದು ಎಷ್ಟು ಸಲ ಹೇಳಿದ್ದೇನೆ ಎಂದು ಗೊಣಗುತ್ತ ಎತ್ತಿ ಬೆಳಕಿಗೆ ಹಿಡಿದಳು.

ಹಿಡಿದವಳ ಮುಖ ಅರಳಿತು. ಒಳಕ್ಕೆ ತಿರುಗಿದ ಆ ಹಲ್ಲಿನ ಗುಣಿ, ಚಪ್ಪಟೆ ದವಡೆಯ ಆ ಅಗಲ. ಕಸುಬಿನವರಿಗೆ ಒಮ್ಮೆ ನೋಡಿದ ಬಾಯಿ ಮರೆಯುವುದಿಲ್ಲ. ಓರಗಿತ್ತಿ ಪೊಟ್ಟಣ ಹಿಡಿದು ಮೆಟ್ಟಿಲು ಹತ್ತಿ ಬಂದಾಗ ಜೋಯಿಸಮ್ಮ ಕಿಟಕಿಯ ಹತ್ತಿರ ತಟ್ಟೆಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು.

"ಲೇ, ಇದು ಅದೇ ಬಾಯಿ ಕಣೆ. ಆವತ್ತು ಓದಿದ್ನಲ್ಲ, ರಾತ್ರಿಯೆಲ್ಲ ಯಾರನ್ನೋ ಅಗೀತಾಳೆ ಅಂತ. ಅದೇ. ನಮ್ಮ ಲ್ಯಾಬಿಗೆ ಹೇಗೆ ಬಂತು ಇದು?"

ಓರಗಿತ್ತಿ ಪೊಟ್ಟಣವನ್ನು ಮೇಜಿನ ಮೇಲಿಟ್ಟಳು. ಕೈ ಚಾಚಿದಳು.

"ಕೊಡಿ ಅಕ್ಕ. ಅದು ನಂದು."

ಜೋಯಿಸಮ್ಮ ನಗಲು ಹೊರಟಳು. ಅರ್ಧದಲ್ಲಿ ನಿಂತಳು. ಮಾತಾಡುತ್ತಿದ್ದ ಆ ಬಾಯಿಯಲ್ಲಿ, ಎಡಗಡೆ, ಕೋರೆಹಲ್ಲಿನ ಪಕ್ಕದ್ದು ಒಳಕ್ಕೆ ತಿರುಗಿತ್ತು. ಮದುವೆಯ ದಿನದಿಂದ ನೋಡಿದ ಬಾಯಿ. ಊಟ ಮಾಡುವಾಗ, ನಗುವಾಗ, ಆಕಳಿಸುವಾಗ, ಒಂದು ಮೇಜಿನಷ್ಟು ದೂರದಲ್ಲಿ ದಿನವಿಡೀ ನೋಡಿದ ಬಾಯಿ. ಫೋಟೋದಲ್ಲಿ ಒಂದೇ ಸಲ ಕಂಡದ್ದು ನೆನಪಿತ್ತು, ಇದು ನೆನಪಿರಲಿಲ್ಲ.

"ನೀನೇನಾ ಮೇಷ್ಟ್ರಿಗೆ ಹೇಳಿದ್ದು?"

"ಹೂಂ."

"ಎದುರಿಗೇ ಕೂತಿದ್ದೀಯಲ್ಲೆ. ನನಗೇ ಹೇಳಬಹುದಿತ್ತಲ್ಲ."

"ಹೇಳಿದ್ದೆ ಅಕ್ಕ. ಒಂದೆರಡು ಸಲ ಹೇಳಿದ್ದೆ."

ಹೇಳಿದ್ದಳು. ಜೋಯಿಸಮ್ಮನಿಗೆ ತಾನು ಕೊಟ್ಟ ಉತ್ತರವೂ ನೆನಪಾಯಿತು. ತಪ್ಪು ತನ್ನದೆಂದು ಗೊತ್ತಾದರೆ ಮೋಸ ಹೋದ ನೋವು ಕಡಿಮೆಯಾಗುತ್ತದೆ ಎಂದು ಯಾರು ಹೇಳಿದರೋ ಅವರಿಗೆ ಏನೂ ಗೊತ್ತಿಲ್ಲ. ಇಷ್ಟು ದಿನ ಹೂಂ ಹೂಂ ಎನ್ನುತ್ತ ತನ್ನ ಬೈಗುಳ ಕೇಳಿಸಿಕೊಂಡಳಲ್ಲ, ತಾನು ಕಣ್ಣೊರೆಸಿಕೊಂಡಾಗ ನೀರು ತಂದುಕೊಟ್ಟಳಲ್ಲ.

"ತಟ್ಟೆ ಬೇಕು ಅಂದಿದ್ರೆ ನಾನೇ ಮಾಡಿಕೊಡ್ತಿದ್ದೆ. ನಮ್ಮ ಕೈಯಲ್ಲಿ ಲ್ಯಾಬು ಇಟ್ಕೊಂಡು ಊರಾಚೆ ಯಾಕೆ ಹೋದೆ?" ಅವಳ ದನಿ ಒಡೆಯಿತು. "ನಾನು ಅಷ್ಟು ಬೇಡವಾದ್ನಾ ನಿನಗೆ?"

ಓರಗಿತ್ತಿ ಕಿಟಕಿಯ ಆಚೆ ನೋಡಿದಳು. ಅವಳು ಎಂದಿನಂತೆಯೇ ಅಳೆದು ತೂಗಿ ಮಾತಾಡಿದಳು.

"ನನ್ನ ಬಾಯಿ ನಿಮ್ಮ ಕೈಗೆ ಸಿಕ್ಕಿದ್ರೆ ಓದ್ತೀರಿ ಅಂತ ಹೋದೆ ಅಕ್ಕ. ನಿಮ್ಮಿಂದ ತಪ್ಪಿಸ್ಕೊಳ್ಳೋಕೇ ಅಷ್ಟು ದೂರ ಹೋದೆ. ಆ ಮನುಷ್ಯ ಫೋಟೋ ತೆಗೆದು ಮತ್ತೆ ನಿಮ್ಮ ಕೈಗೇ ಹಾಕ್ದ."

ಓರಗಿತ್ತಿ ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಳ್ಳದೆ ಮುಂದುವರಿಸಿದಳು.

"ನಾನು ನಿದ್ದೇಲಿ ಹಲ್ಲು ಕಡೀತೀನಿ, ಚಿಕ್ಕಂದಿನಿಂದ. ಯಾರ ಮೇಲೂ ಅಲ್ಲ. ನೀವು ಭಾನುವಾರ ಎಲ್ಲರ ಮುಂದೆ ಓದಿದ್ರಿ. ಇವರಿಗೆ ಲ್ಯಾಬಿನ ಹೆಸರು ಕೇಳಿದ ತಕ್ಷಣ ಗೊತ್ತಾಯ್ತು. ಮೊದಲು ತಮಾಷೆಗೆ ಕೇಳಿದ್ರು, ಯಾರನ್ನ ಅಗೀತೀಯ ಅಂತ. ಈಗ ತಮಾಷೆಗೆ ಕೇಳ್ತಿಲ್ಲ. ದಿನಾ ಕೇಳ್ತಾರೆ. ನಾನು ಯಾರ ಮೇಲೂ ಇಲ್ಲ ಅಂತೀನಿ. ಅತ್ತಿಗೆ ಓದಿದ್ದು ಯಾವತ್ತು ತಪ್ಪಾಗಿದೆ ಅಂತಾರೆ."

ಕೆಳಗೆ ಬೀಗದವನು ಯಾವುದೋ ಕೀಲಿಯನ್ನು ಅರದಿಂದ ಉಜ್ಜುತ್ತಿದ್ದ. ಜೋಯಿಸಮ್ಮ ಕೈಯಲ್ಲಿದ್ದ ತಟ್ಟೆಯನ್ನು ನೋಡಿದಳು. ಬೇರೆಲ್ಲೂ ನೋಡಲು ಆಗುತ್ತಿರಲಿಲ್ಲ. ತಟ್ಟೆ ಹೊಸದು, ಮಾಡಿಸಿ ಹೆಚ್ಚು ದಿನವಾಗಿಲ್ಲ. ಆದರೂ ಎಡಗಡೆ ಅದು ಆಗಲೇ ಬೆಳ್ಳಗೆ ತೇಯ್ದಿತ್ತು, ಒಂದು ಕಡೆ ತೂತು ಬೀಳುವ ಹಾಗಿತ್ತು. ಇಷ್ಟು ಬೇಗ ಯಾರ ತಟ್ಟೆಯೂ ಹೀಗೆ ಸವೆದದ್ದನ್ನು ಅವಳು ನೋಡಿರಲಿಲ್ಲ. ಈ ಗುರುತುಗಳು ಯಾವ ವಾರಗಳವು, ಆ ವಾರಗಳಲ್ಲಿ ಹಗಲೆಲ್ಲ ಈ ಬಾಯಿಯ ಎದುರು ಕೂತು ಯಾರು ಏನೇನು ಬೈದರು ಎಂದು ಅವಳಿಗೆ ಓದಲು ಬರುತ್ತಿತ್ತು. ಜನ್ಮದಲ್ಲಿ ಇಷ್ಟು ಸ್ಪಷ್ಟವಾಗಿ ಯಾವ ಬಾಯಿಯನ್ನೂ ಅವಳು ಓದಿರಲಿಲ್ಲ.

ಓದಿದ್ದನ್ನು ನುಂಗಿಕೊಂಡಳು. ತಟ್ಟೆಯನ್ನು ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ಚಾಚಿದ ಆ ಕೈಗೆ ಕೊಟ್ಟಳು.

"ಮೈದುನರ ಹತ್ರ ನಾನು ಮಾತಾಡ್ತೀನಿ. ಓದೋದೆಲ್ಲ ಬರೀ ನಗಿಸೋಕೆ ಮಾಡ್ತಿದ್ದೆ, ಗುಣ ಹಲ್ಲಲ್ಲಿ ಇರಲ್ಲ ಅಂತ ಹೇಳ್ತೀನಿ. ಮಾತಾಡ್ಲಾ?"

ಕೇಳಿ ಕಾದಳು. ಅವಳನ್ನು ಏನಾದರೂ ಕೇಳಿ ಉತ್ತರಕ್ಕೆ ಕಾದದ್ದು ಇದೇ ಮೊದಲಿರಬೇಕು.

"ಹೇಳಿ ಅಕ್ಕ. ಅದೊಂದು ಹೇಳಿ."

"ಎಡಗಡೆ ಅಂಚು ಎತ್ತರ ಇದೆ ಅದರದ್ದು. ಒತ್ತುತ್ತಾ?"

"ಒತ್ತುತ್ತೆ. ತೇಯ್ಕೊಳ್ಳೋಣ ಅಂತಲೇ ಇವತ್ತು ತಂದಿದ್ದೆ."

"ಕೊಡು, ಒಂದು ನಿಮಿಷ. ತೇಯ್ದು ಕೊಡ್ತೀನಿ. ಸುಮ್ಮನೆ ತೇಯ್ತೀನಿ, ಅಷ್ಟೆ."

ಓರಗಿತ್ತಿ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ಕೊಡಬೇಕೆಂದು ಒಂದು ಗಳಿಗೆ ಅನ್ನಿಸಿರಬಹುದು, ಮುಚ್ಚಳದ ಮೇಲಿನ ಹೆಬ್ಬೆರಳು ಸಡಿಲವಾಯಿತು. ಮತ್ತೆ ಬಿಗಿಯಾಯಿತು.

"ಬೇಡ ಅಕ್ಕ."

ಗಂಟಲಿನವರೆಗೆ ಎಷ್ಟೊಂದು ಮಾತು ಬಂತು. ನಿನಗೆ ಚಾಕು ಹಿಡಿಯಲು ಕಲಿಸಿದವಳು ನಾನು. ತಂಗಿ ಅಂದುಕೊಂಡಿದ್ದೆ. ನೀನೂ ಒಂದು ದಿನವಾದರೂ ಜೋರಾಗಿ ಹೇಳಬೇಕಿತ್ತು. ಎಲ್ಲವೂ ನಿಜ, ಎಲ್ಲವೂ ಉದ್ದ.

"ಸರಿ" ಎಂದಳು.

ಓರಗಿತ್ತಿ ಡಬ್ಬಿಯನ್ನು ಚೀಲಕ್ಕೆ ಹಾಕಿ ಚೀಲವನ್ನು ಕುರ್ಚಿಯ ಬೆನ್ನಿಗೆ ತೂಗುಹಾಕಿದಳು. ಪೊಟ್ಟಣ ಬಿಚ್ಚಿದಳು, ಒಳಗಿದ್ದ ಅಳತೆಗಳನ್ನು ತೊಳೆಯಲು ನಲ್ಲಿಯ ಹತ್ತಿರ ಒಯ್ದಳು. ಜೋಯಿಸಮ್ಮ ತನ್ನ ಮೇಜಿಗೆ ಬಂದು ಕೂತಳು. ಕೆತ್ತುತ್ತಿದ್ದ ದವಡೆ ಅರ್ಧಕ್ಕೆ ನಿಂತಿತ್ತು, ಎತ್ತಿಕೊಂಡಳು. ಓರಗಿತ್ತಿ ವಾಪಸು ಬಂದು ಎದುರಿಗೆ ಕೂತಾಗ ಜೋಯಿಸಮ್ಮನಿಗೆ ತಲೆ ಎತ್ತಿ ಅವಳ ಮುಖ ನೋಡಬೇಕೆಂದು ಬಹಳ ಅನ್ನಿಸಿತು. ನೋಡಿದರೆ ಓದಿಬಿಡುತ್ತೇನೆ ಎಂದು ಹೆದರಿ, ಕಣ್ಣನ್ನು ಪ್ಲಾಸ್ಟರಿನ ಮೇಲೆಯೇ ಇಟ್ಟು, ಸಂಜೆಯವರೆಗೂ ಕೆತ್ತಿದಳು.